ಮೂಲೆಯಲ್ಲಿ ಒಂದು ಟೈಲ್ ಕಮ್ಮಿ

ಟೈಲ್ಸ್ ಮೇಸ್ತ್ರಿಗೆ ಮನೆಮಂದಿಯಲ್ಲಿ ಒಂದು ಅಡ್ಡಹೆಸರಿತ್ತು: ಶೇಷ. ಇಟ್ಟವರು ಹೆಂಡತಿಯ ಅಣ್ಣ, ಲೆಕ್ಕದ ಮೇಷ್ಟ್ರು. ಏಳನೇ ತರಗತಿಯಲ್ಲಿ ಇವನಿಗೆ ಭಾಗಾಕಾರ ಕಲಿಸಿ ಸೋತವರೂ ಅವರೇ. “ಹೇಗೆ ಭಾಗಿಸಿದರೂ ಕೊನೆಗೆ ಇವನೊಬ್ಬ ಉಳೀತಾನೆ” ಎಂದು ಅಂದು ಇಟ್ಟ ಹೆಸರನ್ನು ತಂಗಿಯನ್ನು ಕೊಟ್ಟ ಮೇಲೂ ಬಿಡಲಿಲ್ಲ. ತಲೆ ನರೆತರೂ, ನಾಲ್ಕು ಜನರ ಮುಂದೆ “ಏನೋ ಶೇಷ” ಎಂದರೆ ಮೇಸ್ತ್ರಿಯ ಮುಖ ಹುಳ್ಳಗಾಗುತ್ತಿತ್ತು.

ಒಮ್ಮೆ ಊಟದ ಹೊತ್ತಲ್ಲಿ ಕೇಳಿಯೇಬಿಟ್ಟ: “ಏನು ಮಾಡಿದ್ರೆ ಈ ಹೆಸರು ಬಿಡ್ತೀರಿ ಭಾವ?”

ಭಾವ ಟೈಲ್ಸಿನ ರಟ್ಟಿನ ಮೇಲೆ ಒಂದು ಸಂಖ್ಯೆ ಗೀಚಿದರು: 10,01,60,063.

“ಇಷ್ಟು ಟೈಲ್ಸ್ ಇದೆ ಅಂದ್ಕೋ. ಒಂದೂ ಒಡೀದೆ, ಒಂದೂ ಉಳೀದೆ ಆಯತವಾಗಿ ಹಾಸು. ಉದ್ದಕ್ಕೆ ಒಂದೇ ಸಾಲು ಹಾಸಿ ಕೈ ತೊಳ್ಕೊಳ್ಳೋದಲ್ಲ ಮತ್ತೆ! ಎಷ್ಟು ಸಾಲು, ಸಾಲಿಗೆಷ್ಟು ಹೇಳು. ಆಗಲ್ಲ ಅಂದ್ರೆ, ಯಾಕಾಗಲ್ಲ ಅಂತ ತೋರ್ಸು.”

ಅಂದಿನಿಂದ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ದಿನಕ್ಕೊಂದು ಭಾಗಾಕಾರ. ಮೂರರಿಂದ ಆಗದ್ದು ಆರರಿಂದಲೂ ಆಗದು, ಒಂಬತ್ತರಿಂದಲೂ ಆಗದು. ಹಾಗಾಗಿ ಬೇರೆ ಯಾವುದಕ್ಕೂ ಬಗ್ಗದ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯನ್ನಷ್ಟೇ ಹಿಡಿದ. ರಟ್ಟುಗಳು ಮಂಚದಡಿ ರಾಶಿಬಿದ್ದವು.

“ಇನ್ನು ನಾಲ್ಕು ರಟ್ಟು ತುರುಕಿದ್ರೆ ಮಂಚ ಹತ್ತೋಕೆ ಏಣಿ ತರ್ಬೇಕು ನೋಡ್ರೀ” ಎಂದು ಹೆಂಡತಿ ಗೊಣಗುತ್ತಲೇ ಅವನ ಪೆನ್ಸಿಲ್ ಚೂಪು ಮಾಡಿಡುತ್ತಿದ್ದಳು.

ಮೂರು ವರ್ಷ ನಾಲ್ಕು ತಿಂಗಳು ಹೀಗೇ ಉರುಳಿದವು. ಕೊನೆಗೆ ಪಟ್ಟಿಯ ತುದಿಯ 9,973 ಕೂಡ ಶೇಷ ಉಳಿಸಿತು.

“ಮುಗೀತು ಕಣೇ! ಹತ್ತು ಸಾವಿರದೊಳಗೆ ಒಂದೂ ಕೂಡಿಬರಲಿಲ್ಲ. ಉದ್ದ ಅಗಲ ಎರಡೂ ಹತ್ತು ಸಾವಿರ ದಾಟಿದ್ರೆ ಹತ್ತು ಕೋಟಿ ಮೀರುತ್ತೆ. ಇದು ಹಾಸೋಕಾಗಲ್ಲ. ನಾಳೆ ಬರ್ಲಿ ನಿಮ್ಮಣ್ಣ!”

ಹೆಂಡತಿ ರಟ್ಟಿನ ಮೇಲೆ ಬೆರಳಿಟ್ಟಳು. “ಹತ್ತು ಕೋಟಿ ಆಯ್ತು. ಪಕ್ಕದಲ್ಲಿ ಇನ್ನೂ ಒಂದು ಲಕ್ಷದ ಅರವತ್ತು ಸಾವಿರ ಚಿಲ್ಲರೆ ಇದೆಯಲ್ರೀ, ಅದನ್ನೇನು ಬೀದಿಗೆ ಚೆಲ್ತೀರಾ? ಅಂಚು ಅಳೀದೆ ಸಿಮೆಂಟ್ ಕಲಸ್ಬೇಡಿ ಅಂತ ಲೋಕಕ್ಕೆಲ್ಲ ಹೇಳ್ತೀರಿ!”

ಮೇಸ್ತ್ರಿ ಬೆಪ್ಪಾದ. ಭಾವನ ಮುಂದೆ ಹೋಗುವುದರಲ್ಲಿದ್ದ ಮಾನವನ್ನು ಹೆಂಡತಿ ಕೂದಲೆಳೆಯಲ್ಲಿ ಉಳಿಸಿದ್ದಳು. ಕಣ್ಣು ಮುಚ್ಚಿ, ಹತ್ತು ಸಾವಿರಕ್ಕೆ ಹತ್ತು ಸಾವಿರದ ಚೌಕವನ್ನು ಮನಸ್ಸಿನಲ್ಲೇ ಹಾಸಿದ. ಮಿಕ್ಕ ಟೈಲ್ಸನ್ನು ಉದ್ದಕ್ಕೂ ಅಗಲಕ್ಕೂ ಒಂದೊಂದು ಸಾಲು ಸುತ್ತುತ್ತಾ ಹೋದ. ಏಳು ಸುತ್ತು ತುಂಬಿತು. ಎಂಟನೇ ಸುತ್ತಿಗೆ ಮೂಲೆಯಲ್ಲಿ ಒಂದೇ ಒಂದು ಟೈಲ್ ಕಮ್ಮಿ ಬಿತ್ತು. ಮೇಸ್ತ್ರಿ ಕೂತಲ್ಲೇ ತೊಡೆ ತಟ್ಟಿ ನಕ್ಕ.

ಮರುದಿನ ಭಾವ ಹೊಸ್ತಿಲು ದಾಟುತ್ತಲೇ, “ಏನೋ ಶೇಷ, ಎಲ್ಲಿಗೆ ಬಂತು?” ಎಂದರು.

ಮೇಸ್ತ್ರಿ ಹದಿನೈದು ಟೈಲ್ಸ್ ಚೂರುಗಳನ್ನು ನೆಲದ ಮೇಲೆ ಜೋಡಿಸಿದ. ನಾಲ್ಕಕ್ಕೆ ನಾಲ್ಕರ ಚೌಕ, ಮೂಲೆಯಲ್ಲಿ ಒಂದು ಕಮ್ಮಿ. ಕೊನೆಯ ಸಾಲಿನ ಮೂರು ಚೂರು ಎತ್ತಿ ಪಕ್ಕಕ್ಕೆ ನಿಲ್ಲಿಸಿದ. ಮೂರು ಸಾಲು, ಸಾಲಿಗೆ ಐದು.

“ನಿಮ್ಮದೂ ಹೀಗೇ ಭಾವ. ಹತ್ತು ಸಾವಿರದ ಎಂಟರ ಚೌಕ, ಒಂದು ಕಮ್ಮಿ. ಕೊನೇ ಸಾಲು ಎತ್ತಿ ಪಕ್ಕಕ್ಕೆ ಇಡಿ. ಹತ್ತು ಸಾವಿರದ ಏಳು ಸಾಲು, ಸಾಲಿಗೆ ಹತ್ತು ಸಾವಿರದ ಒಂಬತ್ತು.”

ಭಾವ ಮಂಡಿ ನೋವನ್ನೂ ಮರೆತು ನೆಲಕ್ಕೆ ಕೂತರು. ಚೂರುಗಳನ್ನು ತಾವೇ ಎತ್ತಿದರು, ಇಟ್ಟರು, ಮತ್ತೆ ಎತ್ತಿದರು. “ನಲವತ್ತು ವರ್ಷ ಬೋರ್ಡಿನ ಮೇಲೆ ಸೂತ್ರ ಬರೆದೆ. ಹೀಗೆ ಎತ್ತಿ ಇಟ್ಟಿದ್ದಿಲ್ಲ” ಎಂದರು. ಆಮೇಲೆ ಅಡುಗೆಮನೆಯತ್ತ ತಿರುಗಿ, “ಏನಮ್ಮಾ, ನಿಮ್ಮ ಯಜಮಾನರಿಗೆ ಮೊದಲು ಟೀ ಕೊಡು.”

“ಯಾರಿಗಣ್ಣಾ?” ಕೇಳಿಸಿದರೂ ಕೇಳಿಸದವಳಂತೆ ಒಳಗಿನಿಂದ ಕೂಗಿದಳು ತಂಗಿ.