ಬಿಟ್ಟುಹೋಗುವ ಖರ್ಚು

ತಿರುವನಂತಪುರದಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ಅಕ್ಕ ವಿಳಿಂಜಂ ಹತ್ತಿರ ಮನೆ ಮಾಡಿದಳು. ಆ ಮನೆಯೊಳಗೆ ಅವಳ ಮೊಬೈಲಿಗೆ ಸಿಗ್ನಲ್ ಇಲ್ಲ. ಮಾತಾಡಬೇಕಾದರೆ ತಾರಸಿ ಹತ್ತಬೇಕು. ನಂಬರ್ ಉಳಿಸಿಕೊಂಡು ಬೇರೆ ಕಂಪೆನಿಗೆ ಹೋಗೋಣವೆಂದರೆ, ಬಾಕಿ ಬಿಲ್ಲನ್ನೂ ಅವಧಿಗೆ ಮುಂಚೆ ಬಿಟ್ಟದ್ದರ ದಂಡವನ್ನೂ ಕಟ್ಟದೆ ಹಳೆಯ ಕಂಪೆನಿ ಬಿಡುವುದಿಲ್ಲ. ಬೇರೆಯವರು ಏನು ಮಾಡಿದರೆಂದು ಅವಳು ಅಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು.

ಮರುದಿನವೇ ಕರೆ ಬಂತು. ನಾನು ಕೊಚ್ಚಿಯಿಂದ ಹೋಗಿದ್ದೆ, ತಾರಸಿಯಲ್ಲಿ ಅವಳ ಪಕ್ಕದಲ್ಲೇ ಇದ್ದೆ. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದಳು.

"ಎಂತ ತಲೆಬಿಸಿ ಮಾಡ್ಬೇಡಿ ಅಕ್ಕ. ನಾನು ಕುಂಬ್ಳೆ ಕಡೆಯವ. ಹಳೇ ಕಂಪೆನಿಗೆ ಕಟ್ಟುವುದನ್ನು ನಾವೇ ಕಟ್ತೇವೆ."

ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಯಾರಾದರೂ ಹೀಗೆ ಹೇಳಿದ್ದರೆ ಅಕ್ಕ ಅರ್ಧದಲ್ಲೇ ಫೋನ್ ಇಡುತ್ತಿದ್ದಳು. ಆದರೆ ಅಷ್ಟು ದೂರದ ಊರಿನಲ್ಲಿ ನಮ್ಮ ಕಾಸರಗೋಡಿನ ಕನ್ನಡ ಕಿವಿಗೆ ಬಿದ್ದರೆ ನಾವು ಕೇಳುವುದೇ ಬೇರೆ: ಊರು ಯಾವುದು, ಯಾರ ಮನೆಯ ಹತ್ತಿರ. ಯಾವ ಕಂಪೆನಿ, ಯಾವ ಆಫೀಸು ಎಂದು ಅವಳು ಕೇಳಲೇ ಇಲ್ಲ.

"ಊರಲ್ಲಿ ಹಲಸಿನ ಹಪ್ಪಳ ಆಯ್ತಾ?" ಎಂದಳು ಅಕ್ಕ.

"ಅಮ್ಮ ಮಾಡಿ ಇಟ್ಟಿದ್ದಾರೆ. ನಿಮಗೂ ಒಂದು ಕಟ್ಟ ತರ್ತೇನೆ."

"ತಂದ್ರೆ ಒಳಗೆ ಬರ್ಬಹುದು. ಇಲ್ಲದಿದ್ರೆ ಗೇಟಿಂದಲೇ ವಾಪಸ್!"

ಮೂವರೂ ನಕ್ಕೆವು. ನಗುತ್ತಲೇ ಅಕ್ಕ ಕಂಪೆನಿ ಬದಲಾವಣೆಯ ಕೋಡನ್ನು ಮೊಬೈಲಿಗೆ ತರಿಸಿ ಅವನಿಗೆ ಓದಿ ಹೇಳಿದಳು, ಆಧಾರಿನ ಫೋಟೋ ಕಳಿಸಿದಳು. ಬದಲಾಗುವ ದಿನ ಸ್ವಲ್ಪ ಹೊತ್ತು ಸಿಗ್ನಲ್ ಹೋಗ್ತದೆ, ಹೆದರಬೇಡಿ, ಸಿಮ್ ಕೊರಿಯರಿನಲ್ಲಿ ಬರ್ತದೆ ಎಂದ.

ಸಿಗ್ನಲ್ ಹೋದ ದಿನ ಅವಳು ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ನನ್ನ ಮನೆಗೆ ಬಂದಿದ್ದಳು. ತಿಂಡಿಗೆ ಕೂತವಳು ಸಂತೋಷದಿಂದಲೇ ಫೋನ್ ತೋರಿಸಿದಳು. ಮನೆಯ ವೈಫೈ ಇದ್ದುದರಿಂದ ಒಂದು ಮೇಲ್ ಬಂತು. ಬ್ಯಾಂಕಿನ ಪಾಸ್‌ವರ್ಡ್ ಬದಲಾಗಿದೆ ಎಂದು ಅದರಲ್ಲಿತ್ತು.

"ನಾನು ಬದಲು ಮಾಡ್ಲೇ ಇಲ್ವಲ್ಲ" ಎಂದಳು.

ಅವಳ ನಿವೃತ್ತಿಯ ಹಣವೆಲ್ಲ ಆ ಒಂದೇ ಖಾತೆಯಲ್ಲಿತ್ತು. ನನ್ನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿದೆ. ನಿಮ್ಮ ಗುರುತು ಖಚಿತಪಡಿಸಲು ನೋಂದಾಯಿತ ಮೊಬೈಲಿಗೆ ಕೋಡ್ ಕಳಿಸಿದ್ದೇವೆ, ಹೇಳಿ ಎಂದಿತು ಯಂತ್ರದ ಧ್ವನಿ. ಆ ಕೋಡ್ ಯಾರ ಕೈಗೆ ಹೋಯಿತೆಂದು ಆಗ ಹೊಳೆಯಿತು. ಅಕ್ಕನ ನಂಬರಿನ ಹೊಸ ಸಿಮ್ ಅವನ ಹತ್ತಿರವೇ ಇತ್ತು.

ಬ್ಯಾಂಕಿಗೆ ಹಿಡಿದ ಆಟೋ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿತು. ಇಳಿದು ಓಡಿದೆವು, ಅಕ್ಕ ಮನೆಯ ನೈಟಿಯ ಮೇಲೆ ಶಾಲು ಹೊದ್ದಿದ್ದಳು. ಬ್ಯಾಂಕಿನಲ್ಲಿ ಸರತಿ ಬಿಟ್ಟು ನೇರ ಕೌಂಟರಿಗೆ ನುಗ್ಗಿದೆವು. ಅಲ್ಲಿದ್ದ ಹೆಂಗಸು "ಚೇಚಿ ಇರಿಕ್ಕು" ಎಂದು ಅಕ್ಕನನ್ನು ಕೂರಿಸಿ ಖಾತೆ ತಡೆಹಿಡಿದಳು. ಹಣ ಕಳಿಸಲು ಯಾವುದೋ ಹೊಸ ಹೆಸರು ಆಗಲೇ ಸೇರಿತ್ತು. ಹೊಸ ಹೆಸರಿಗೆ ದೊಡ್ಡ ಮೊತ್ತ ತಕ್ಷಣ ಹೋಗುವುದಿಲ್ಲ ಎಂಬ ಬ್ಯಾಂಕಿನ ನಿಯಮವೊಂದೇ ನಡುವೆ ನಿಂತಿತ್ತು. ಆ ಹೆಸರು ತೋರಿಸುತ್ತಿದ್ದ ಕೌಂಟರಿನ ಕಂಪ್ಯೂಟರ್ ಪರದೆ ಇಂದಿಗೂ ನನ್ನ ಕಣ್ಣ ಮುಂದೆ ಬರುತ್ತದೆ.

ಪೊಲೀಸ್ ದೂರು ಕೊಟ್ಟು, ನಂಬರ್ ಮರಳಿ ಪಡೆಯಲು ತಿರುವನಂತಪುರದ ಹಳೆಯ ಕಂಪೆನಿಯ ಆಫೀಸಿಗೆ ಹೋದಾಗ ಇನ್ನೊಂದು ವಿಷಯ ತಿಳಿಯಿತು. ಅಕ್ಕನ ಹೆಸರಿನಲ್ಲಿ ಬಾಕಿಯೇ ಇರಲಿಲ್ಲ. ಬಿಲ್ಲು, ದಂಡ ಎರಡನ್ನೂ ಅವನು ಕಟ್ಟಿದ್ದ. ಕಟ್ಟದಿದ್ದರೆ ನಂಬರ್ ಅವನ ಕೈ ಸೇರುತ್ತಿರಲಿಲ್ಲ.

"ಮಾತಿಗೆ ತಪ್ಪಲಿಲ್ಲ ನೋಡು ಮಾರಾಯ್ತಿ" ಎಂದು ಅಕ್ಕ ನಕ್ಕಳು. ಹೊರಗೆ ಬರುತ್ತಿದ್ದಂತೆ ಆ ನಗು ನಿಂತಿತು.

"ಅವ ನಿಜಕ್ಕೂ ನಮ್ಮ ಊರಿನವನೇ ಇರ್ಬಹುದಾ?"

"ಛೆ, ಇಲ್ಲ. ಭಾಷೆ ಯಾರು ಬೇಕಾದ್ರೂ ಕಲೀಬಹುದು" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತು, ಆ ವಾಟ್ಸಾಪ್ ಗುಂಪಿನ ಹೆಸರುಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತಾ ಓದತೊಡಗಿದಳು.