ನನ್ನ ಚೆಂಡುಹೂವು, ಚಿಕ್ಕವ್ವನ ರೇಷ್ಮೆಹುಳ

ಯಾರು ಬೈದರೂ ಸರಿ, ನೇರವಾಗಿ ಹೇಳಿಬಿಡುತ್ತೇನೆ: ನಮ್ಮ ಹನೂರಿನ ಕಡೆ ಮುಂದೆ ಯಾವ ಬೆಳೆ ಉಳಿಯುತ್ತದೋ ನನಗಂತೂ ತಿಳಿಯುತ್ತಿಲ್ಲ.

ಈ ಸಲ ಕಂಪನಿಯವರ ಮಾತು ಕೇಳಿ ಹಿಪ್ಪುನೇರಳೆ ಕಿತ್ತು ಚೆಂಡುಹೂವು ಹಾಕಿದೆ. ಬಣ್ಣ ತೆಗೆಯುವುದಕ್ಕೆ ಬೇಕಂತೆ. ಹೂವು ಒಯ್ಯಲು ಅವರ ಗಾಡಿ ಹೊಲಕ್ಕೇ ಬರುತ್ತದೆ. ಪಕ್ಕದ ಹೊಲ ಚಿಕ್ಕವ್ವನದು. ಅವಳು ರೇಷ್ಮೆ ಬಿಟ್ಟಿಲ್ಲ.

ನನ್ನ ಮೊಗ್ಗಿಗೆ ಹುಳ ಬಿತ್ತು. ಬೆಳಿಗ್ಗೆ ಔಷಧಿ ಕಲಸಿ ಕ್ಯಾನನ್ನು ಬೆನ್ನಿಗೇರಿಸಿದ್ದೆ, ಚಿಕ್ಕವ್ವ ಬದುವಿನ ಮೇಲೆ ಓಡಿಬಂದಳು.

"ಲೇ, ನಿಲ್ಲಲಾ! ನನ್ ಹುಳ ನಾಕ್ನೇ ಜ್ವರದಿಂದ ಎದ್ದವೆ ಕಣ್ಲಾ. ಆ ವಿಸ ಗಾಳೀಲಿ ಸೊಪ್ಪಿಗೆ ಬಂದ್ರೆ ಒಂದೂ ಗೂಡು ಕಟ್ಟಕಿಲ್ಲ."

ಜ್ವರ ಎಂದರೆ ಹುಳ ಪೊರೆ ಬಿಡುವ ಹೊತ್ತು. ನಾಲ್ಕನೆಯದು ಮುಗಿದ ಮೇಲೆ ವಾರವಿಡೀ ಅದಕ್ಕೆ ತಿನ್ನುವುದೊಂದೇ ಕೆಲಸ. ಇಪ್ಪತ್ತು ವರ್ಷ ಹುಳ ಸಾಕಿದವನು ನಾನು. ಇಷ್ಟು ಬೇಗ ಮರೆತುಬಿಟ್ಟಿದ್ದೆ!

"ವಾರ ಬುಟ್ರೆ ನನ್ ಹೂವ ತಿಂದಾಕ್ತವೆ ಚಿಕ್ಕವ್ವ."

"ನಿನ್ ಹೂವೇನು ಬೆಟ್ಟದ ಮಾದಪ್ಪನ ಮುಡಿಗೆ ಓಯ್ತದಾ? ಕಾರ್ಖಾನೆಗೆ ತಾನೇ!"

"ನಿನ್ ಹುಳ್ವೇನು ಮಾದಪ್ಪನ ಬೆಟ್ಟ ಅತ್ತಾವಾ?"

ನಕ್ಕಳು. ಆದರೆ ಬದುವಿನಿಂದ ಕದಲಲಿಲ್ಲ.

ಕೊನೆಗೆ ಅವಳ ಕಡೆಯ ಎಂಟು ಸಾಲು ಬಿಟ್ಟು, ಗಾಳಿ ಆಚೆಗೆ ತಿರುಗಿದ ಮೇಲೆ ಉಳಿದದ್ದಕ್ಕೆ ಹೊಡೆದೆ. ಆಮೇಲೆ ನನಗೇ ನಿದ್ದೆಯಿಲ್ಲ. ದಿನಾ ಅವಳ ಹುಳದ ಮನೆಯ ಬಾಗಿಲಲ್ಲಿ ನಿಂತು, ಸೊಪ್ಪು ಮೇಯುವ ಸದ್ದು ಕೇಳಿದರೆ ಸಮಾಧಾನ. ಆರನೇ ದಿನ ಹುಳ ಹಣ್ಣಾಗಿ ಮೇವು ಬಿಟ್ಟವು, ಗೂಡು ಕಟ್ಟಿದವು. ನನ್ನ ಎಂಟು ಸಾಲಿನಲ್ಲಿ ಬರೀ ಕಡ್ಡಿ ಉಳಿಯಿತು.

ಕಂಪನಿಯ ಹುಡುಗ ಬಂದು, "ಇವುಕ್ಯಾಕ್ ಸಾ ಔಸ್ದಿ ಒಡೀನಿಲ್ಲ?" ಎಂದು ರೇಗಿದ.

"ಬದುವ್ನಾಚೆ ಹುಳ ಸಾಕ್ತಾವ್ರೆ, ಈಚೆ ಸಾಯಿಸ್ತಾವಿ. ಗಾಳಿ ಮಾತ್ರ ಒಂದೇ ಕಣಪ್ಪ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಏನು ಅರ್ಥವಾಗಿತ್ತು!

ಚಿಕ್ಕವ್ವ ಕೊಳ್ಳೇಗಾಲದಲ್ಲಿ ಗೂಡು ಮಾರಿ ಬಂದವಳೇ ಕೇಳಿದಳು: "ಮುಂದಿನ ತಿಂಗ್ಳು ಮರಿಹುಳಕ್ಕೆ ಏಳ್ಬುಟ್ಟು ಬಂದಿವ್ನಿ. ನಿಂದು ಯಾವತ್ಲಾ ಔಸ್ದಿ?"

"ಅದ್ನೈದು ದಿನಕ್ಕೊಂದ್ ಸಲ ಒಡೀಲೇಬೇಕಂತೆ ಚಿಕ್ಕವ್ವ."

ಅವಳು ಬೆರಳು ಮಡಿಚಿ ದಿನ ಎಣಿಸಿದಳು. ನಾನೂ ಎಣಿಸಿದೆ. ಮರಿಹುಳ ಗೂಡು ಕಟ್ಟಲು ಹತ್ತಿರಹತ್ತಿರ ಮೂರು ವಾರ ಬೇಕು. ಹೇಗೆ ಎಣಿಸಿದರೂ ಎರಡಕ್ಕೂ ಹೊಂದುವ ವಾರ ಸಿಗಲಿಲ್ಲ. ಒಬ್ಬರು ಬೆಳೆ ಕೀಳಲೇಬೇಕು. ನಿನ್ನ ಹಿಪ್ಪುನೇರಳೆ ಕಿತ್ತುಹಾಕು ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ನಾನೇ ಕೀಳುತ್ತೇನೆ ಅನ್ನಲು ಧೈರ್ಯವೂ ಬರಲಿಲ್ಲ.

"ಅಂಗಾರೆ ಏನ್ಲಾ ಮಾಡದು?" ಅಂದಳು.

"ಗೊತ್ತಿಲ್ಲ ಕಣ್ ಚಿಕ್ಕವ್ವ" ಅಂದೆ.