ತಾರೀಖು ತಾನೇ ಬಿತ್ತು

ನಲ್ಲಂಪಳ್ಳಿ ಕಡೆಯ ಕನ್ನಡತಿ ಗಂಗಾಲಕ್ಷ್ಮಿ ೧೯೯೯ರಲ್ಲಿ ಸೇಲಂನ ಪುಟ್ಟ ಕಚೇರಿಯೊಂದರಲ್ಲಿ ಸಾಬೂದಾನಿ ಗಿರಣಿಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದಳು. ಅವಳ ಕಂಪ್ಯೂಟರ್ ಡಾಸ್ ವ್ಯವಸ್ಥೆಯದು, ಪಕ್ಕದ ಕೋಣೆಯ ತಮಿಳು ಸಹೋದ್ಯೋಗಿ ಪಳನಿಸ್ವಾಮಿಯದು ಯುನಿಕ್ಸ್. ಒಂದೇ ಫೈಲು ಫ್ಲಾಪಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. ತಿದ್ದಿದವರು ಫೈಲಿನ ತಲೆಯಲ್ಲಿ ತಾರೀಖು ಬರೆಯಬೇಕೆಂಬುದು ಕರಾರು. ಇಬ್ಬರೂ ಮರೆಗುಳಿಗಳೇ. ಒಮ್ಮೆ, ತಾರೀಖಿಲ್ಲದೆ ಯಾವುದು ಹೊಸದೆಂದು ತಿಳಿಯದೆ, ಅವಳು ತಿದ್ದಿದ್ದರ ಮೇಲೆ ಅವನು ಹಳೆಯ ಪ್ರತಿಯನ್ನೇ ಹೇರಿಬಿಟ್ಟ. ಅವಳ ವಾರದ ದುಡಿಮೆ ನೀರುಪಾಲಾಯಿತು.

ಸಿಟ್ಟು ಬಂತು. ಆದರೆ ಜಗಳಕ್ಕೆ ನಿಲ್ಲದೆ ಅವಳು ವಿಮ್‌ನ ಸೆಟ್ಟಿಂಗ್ ಫೈಲು ತೆರೆದಳು. ಇಬ್ಬರೂ ಬರೆಯುತ್ತಿದ್ದುದು ವಿಮ್ ಎಂಬ ಆ ಎಡಿಟರ್‌ನಲ್ಲೇ. ಫೈಲು ಉಳಿಸುವ ಮುನ್ನ ಯುನಿಕ್ಸ್‌ನ 'ಡೇಟ್' ಆಜ್ಞೆಯನ್ನು ಕೇಳಿ ತಾರೀಖನ್ನು ತಾನೇ ಹಾಕಿಕೊಳ್ಳುವಂತೆ ಒಂದು ಸಾಲು ಸೇರಿಸಿದಳು. ಪಳನಿಸ್ವಾಮಿಯ ಯಂತ್ರದಲ್ಲಿ ಅದು ಹೂವೆತ್ತಿದಂತೆ ನಡೆಯಿತು. ಅದೇ ಸಾಲನ್ನು ತನ್ನ ಯಂತ್ರಕ್ಕೆ ಹಾಕಿದರೆ ಪರದೆ ಕಲ್ಲಿನಂತೆ ನಿಂತಿತು. ಬೇಸತ್ತು ಎಂಟರ್ ಒತ್ತಿದಾಗ, 'ಹೊಸ ತಾರೀಖು ಕೊಡಿ' ಎಂಬ ಇಂಗ್ಲಿಷ್ ಪ್ರಶ್ನೆಯೇ ಫೈಲಿನ ತಲೆಯ ಮೇಲೆ ಬಂದು ಕೂತಿತ್ತು!

"ಎನ್ನಮ್ಮಾ ಇದು? ನಾವ್ ಕೇಳಿದ್ರೆ, ಅದು ನಮ್ಮನ್ನೇ ಕೇಳ್ತೈತೆ!" ಎಂದು ಪಳನಿಸ್ವಾಮಿ ತನ್ನ ಹರಕು ಕನ್ನಡದಲ್ಲಿ ನಕ್ಕ.

"ನಮ್ಮವ್ವ 'ಸಾಕು' ಅಂದ್ರೆ ನಿಮ್ ತಮಿಳ್ನಾಗೆ 'ಪೋದುಂ' ಅಂತ. ನೀನು ಅದ್ನ ನಿಮ್ 'ಸಾಕ್ಕು' ಅನ್ಕೊಂಡು ಗೋಣಿಚೀಲ ತಂದ್ಕೊಡ್ತೀಯ. ಅಂಗೇ ಇದೂ, ಡಾಸ್‌ನಾಗೆ 'ಡೇಟ್' ಅಂದ್ರೆ ಹೊಸ ತಾರೀಖು ಕೇಳೋ ಆಜ್ಞೆ. ಮಾತು ಒಂದೇ, ಅರ್ಥ ಬ್ಯಾರೆ," ಎಂದಳು ಗಂಗಾಲಕ್ಷ್ಮಿ.

ಯಾವ ಯಂತ್ರ ಎಂದು ನೋಡಿ ಎರಡು ಆಜ್ಞೆ ಬರೆಯೋಣ ಎಂದ ಅವನು. ಅದೂ ಆಗುತ್ತಿತ್ತು. ಆದರೆ ಕೈಪಿಡಿ ತಿರುವುತ್ತಿದ್ದ ಅವಳಿಗೆ, ತಾರೀಖು ಹೇಳುವ ಕಸುಬು ವಿಮ್‌ಗೇ ಗೊತ್ತೆಂಬುದು ಕಂಡಿತು. ಹೊರಗಿನ ಆಜ್ಞೆಯ ಹಂಗೇ ಬೇಡ. ಸಾಲನ್ನು ತಿದ್ದಿ ಎರಡೂ ಕಡೆ ಉಳಿಸಿ ನೋಡಿದಳು. ಎರಡರಲ್ಲೂ ಅಂದಿನ ತಾರೀಖು ಅಚ್ಚುಕಟ್ಟಾಗಿ ಬಿದ್ದಿತ್ತು. ಪಳನಿಸ್ವಾಮಿ ಎದುರಿನ ಅಂಗಡಿಯಿಂದ ಬಿಸಿ ಬಜ್ಜಿ ತರಿಸಿದ. ವಾರದ ಕೆಲಸವನ್ನು ಮತ್ತೆ ಬರೆಯಲು ತಾನೂ ಜೊತೆ ಕೂರುತ್ತೇನೆಂದ.

ಸಂಜೆ ಮನೆಯಲ್ಲಿ ತಾಯಿ ಮಂಗಮ್ಮ, "ಏನಮ್ಮಿ, ಮೊಕ ಇಷ್ಟು ಗೆಲುವಾಗೈತೆ?" ಎಂದಳು.

"ನೆಪ್ಪಿಟ್ಕೊಳ್ಳೋ ಕೆಲ್ಸಾನ ಮಿಷಿನ್‌ಗೆ ಒಪ್ಪಿಸ್ಬುಟ್ಟೆ ಕಣವ್ವ."

"ಅಂಗಾರೆ ನಂಗೂ ಒಂದು ಬರ್ಕೊಡು. ಒಲೆ ಮ್ಯಾಲೆ ಆಲು ಕಾಯಾಕಿಟ್ಟಿರೋದೇ ಮರ್ತೋಗ್ತೈತೆ," ಎಂದ ಮಂಗಮ್ಮ, ಅಷ್ಟರಲ್ಲಿ ಸೀದ ವಾಸನೆ ಬಂದು ಒಳಕ್ಕೆ ಓಡಿದಳು. ಗಂಗಾಲಕ್ಷ್ಮಿ ನಗುತ್ತಾ ಅವಳ ಹಿಂದೆಯೇ ಹೋದಳು.